ಹತ್ತು ನಿಮಿಷ ನಿಂತರೆ ಮತ್ತೆ ಓಡುತ್ತಿದ್ದ ಫಿಯೆಟ್

ಆಗುಂಬೆ ಘಾಟಿಯ ಏಳನೇ ತಿರುವು ದಾಟಿದ ಮೇಲೆ ಗೆಳೆಯನ ಫಿಯೆಟ್ ಕಾರು ಎರಡು ಸಲ ಎಳೆದಾಡಿ ನಿಂತುಬಿಟ್ಟಿತು. ಹಿಂದೆ ನನ್ನ ಮಾರುತಿ 800ರಲ್ಲಿ ಬರುತ್ತಿದ್ದ ನಾನೂ ಬದಿಗೆ ಹಾಕಿದೆ. 2024ರ ನವೆಂಬರ್, ಭಾನುವಾರ ಬೆಳಗ್ಗೆ. ಗೆಳೆಯ ಇಳಿದು ಬಾನೆಟ್ ಎತ್ತಿದ. ಸೀಟಿನ ಕೆಳಗಿಂದ ಹಳೇ ಪಂಚೆಯ ತುಂಡು ತೆಗೆದ, ಬಾಟಲಿ ನೀರಿನಲ್ಲಿ ಅದ್ದಿದ, ಇಂಜಿನ್‌ಗೆ ಗಾಳಿ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬೊರೇಟರ್‌ಗೆ ಹೋಗುವ ಪೈಪ್ ಮೇಲೆ ಸುತ್ತಿದ. ಹತ್ತು ನಿಮಿಷ ಬಿಟ್ಟು ಚಾವಿ ತಿರುಗಿಸಿದರೆ ಇಂಜಿನ್ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು.

"ನೋಡು, ಏರ್ ಲಾಕ್. ಬಟ್ಟೆ ಹಾಕಿದ್ರೆ ಸರಿ ಆಗುತ್ತೆ," ಅಂದ. ಪೈಪಿನೊಳಗೆ ಪೆಟ್ರೋಲ್ ಬಿಸಿಗೆ ಆವಿಯಾಗಿ ದಾರಿ ಕಟ್ಟುವುದಕ್ಕೆ ಹಾಗನ್ನುತ್ತಾರೆ.

ಒಂದು ವರ್ಷದಿಂದ ಅವನು ಹೀಗೇ ಓಡಿಸುತ್ತಿದ್ದ. ಆ ಒದ್ದೆ ಬಟ್ಟೆಯೇ ಅವನನ್ನು ದಾರಿ ತಪ್ಪಿಸಿತ್ತು. ನನ್ನನ್ನೂ ಸ್ವಲ್ಪ ದಿನ ತಪ್ಪಿಸಿತು. ಹಳೇ ಕಾರು ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಪೂರ್ತಿ ಕಥೆ ಬರೆಯುತ್ತಿದ್ದೇನೆ.

ಕಾರು 1988ರ ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಯಾರೂ ಪದ್ಮಿನಿ ಅನ್ನುವುದಿಲ್ಲ, ಫಿಯೆಟ್ ಅಂತಲೇ ಕರೆಯುವುದು. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಗಾಡಿ. ಮೂಲ ಇಟಲಿಯ ಫಿಯೆಟ್ 1100. 1089 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, ಒಂದು ಸೋಲೆಕ್ಸ್ ಕಾರ್ಬೊರೇಟರ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಪೆಟ್ರೋಲ್ ಟ್ಯಾಂಕ್ ಹಿಂದೆ, ಪಂಪ್ ಮುಂದೆ ಇಂಜಿನ್ ಪಕ್ಕದಲ್ಲಿ. ಮೆಕ್ಯಾನಿಕ್‌ಗಳು ಅದನ್ನು ಎಸಿ ಪಂಪ್ ಅನ್ನುತ್ತಾರೆ. ಏರ್ ಕಂಡೀಷನ್‌ಗೂ ಅದಕ್ಕೂ ಸಂಬಂಧ ಇಲ್ಲ, ಎಸಿ ಅನ್ನೋದು ಹಿಂದೆ ಆ ಪಂಪ್ ಮಾಡುತ್ತಿದ್ದ ಕಂಪನಿಯ ಹೆಸರು. ಇಂಜಿನ್ ತಿರುಗಿದ ಹಾಗೆ ಒಳಗಿನ ಡಯಾಫ್ರಂ ಅನ್ನುವ ತೆಳು ಪರದೆ ಮೇಲೆ ಕೆಳಗೆ ಆಡುತ್ತದೆ, ಹಿಂದಿನ ಟ್ಯಾಂಕ್‌ನಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರ್‌ಗೆ ತಳ್ಳುತ್ತದೆ. ಎಳೆಯುವುದು ಒಂದು ಬದಿ, ತಳ್ಳುವುದು ಇನ್ನೊಂದು ಬದಿ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗೆಳೆಯನ ಅಪ್ಪ ಶಾಲಾ ಮೇಷ್ಟ್ರು. ಕಾರು ತೆಗೆದುಕೊಂಡ ದಿನದಿಂದ ಒಂದು ಉದ್ದನೆ ನೋಟ್‌ಬುಕ್ ಇಟ್ಟಿದ್ದರು. ಎಷ್ಟು ಲೀಟರ್ ಪೆಟ್ರೋಲ್, ಎಷ್ಟು ಕಿಲೋಮೀಟರ್, ಯಾವ ದಿನ ಪ್ಲಗ್ ಬದಲಾಯಿಸಿದ್ದು, ಯಾವ ದಿನ ಫ್ಯಾನ್ ಬೆಲ್ಟ್, ಎಲ್ಲ ಅದೇ ದುಂಡನೆ ಅಕ್ಷರದಲ್ಲಿ. 2021ರ ಫೆಬ್ರವರಿಗೆ ಬರಹ ನಿಂತಿದೆ. ಆ ವರ್ಷವೇ ಅವರು ತೀರಿಕೊಂಡರು. ಕಾರು ಮಗನಿಗೆ ಬಂತು. ಅವನಿಗೆ ಆ ಕಾರು ಅಂದರೆ ಜೀವ. ವಾರಕ್ಕೊಮ್ಮೆ ಒರೆಸುತ್ತಾನೆ, ಸೀಟಿಗೆ ಹಳೇ ರೆಕ್ಸಿನ್ ಬಣ್ಣವೇ ಬೇಕು ಅಂತ ಮಂಗಳೂರು ಪೂರ್ತಿ ಹುಡುಕಿದ್ದಾನೆ. ಆದರೆ ನೋಟ್‌ಬುಕ್‌ನಲ್ಲಿ ಮುಂದೆ ಬರೆಯಲು ಅವನಿಗೆ ಕೈ ಬರಲಿಲ್ಲ.

ತೊಂದರೆ ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ. ಊರು ತೀರ್ಥಹಳ್ಳಿ, ಮನೆ ಉಡುಪಿ. ಉಡುಪಿಯೊಳಗೆ ಕಾರು ಚೆನ್ನಾಗಿಯೇ ಓಡುತ್ತಿತ್ತು. ಹೆಬ್ರಿಯವರೆಗೂ ಸರಿ. ಸೋಮೇಶ್ವರ ದಾಟಿ ಘಾಟಿ ಹತ್ತಲು ಶುರು ಮಾಡಿದರೆ ಹದಿನಾಲ್ಕು ತಿರುವಿನಲ್ಲಿ ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತಿತ್ತು.

ಅವನು ಮಾಡಿದ ರಿಪೇರಿಗಳು ಹೀಗೆ. ಡಿಸೆಂಬರ್‌ನಲ್ಲಿ ಎಸಿ ಪಂಪ್ ವೀಕ್ ಆಗಿದೆ ಅಂತ ಎಲೆಕ್ಟ್ರಿಕ್ ಪಂಪ್ ಹಾಕಿಸಿದ. ಸರಿ ಆಗಲಿಲ್ಲ, ಘಾಟಿಯಲ್ಲಿ ಇನ್ನೂ ಬೇಗ ನಿಲ್ಲತೊಡಗಿತು. ಜೊತೆಗೆ ಊರೊಳಗೆ ಪೆಟ್ರೋಲ್ ವಾಸನೆ ಬೇರೆ. ಫೆಬ್ರವರಿಯಲ್ಲಿ, ಪ್ಲಗ್‌ನ ಕಿಡಿಗಾಗಿ ಕರೆಂಟ್ ಕಡಿದು ಕೊಡುವ ಸಿಬಿ ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿದ. ಏಪ್ರಿಲ್‌ನಲ್ಲಿ ಇಂಜಿನ್ ಬಿಸಿ ಆಗಿಯೇ ಹೀಗೆ ಅಂತ ಯಾರೋ ಹೇಳಿದರು. ಬೆಲ್ಟ್ ಫ್ಯಾನ್ ಹೋಯಿತು, ಗುಜರಿಯಿಂದ ತಂದ 800ರ ಎಲೆಕ್ಟ್ರಿಕ್ ಫ್ಯಾನ್ ಬಂತು. ಅದು ಎಳೆಯುವ ಕರೆಂಟಿಗೆ ರಾತ್ರಿ ಹೆಡ್‌ಲೈಟ್ ಮಂಕಾಯಿತು. ಕೊನೆಗೆ, ಇಂಜಿನ್ನೇ ತೆಗೆದು ಬೇರೆ ಕಂಪನಿಯ ಇಂಜಿನ್ ಕೂರಿಸಿಬಿಡೋಣ ಅನ್ನುವ ಮಾತೂ ಬಂತು.

ಅಲ್ಲಿ ನಾನು ತಡೆದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. ಇಂಜಿನ್ ಬದಲಾಯಿಸಲು ಆರ್‌ಟಿಒ ಒಪ್ಪಿಗೆ ಬೇಕು. ಬೇರೆ ಕಂಪನಿಯ ಇಂಜಿನ್ ಹಾಕಿ ಮುಂದಿನ ಎಫ್‌ಸಿಗೆ ಹೋದರೆ ಮೇಷ್ಟ್ರ ಕಾರಿನ ಆರ್‌ಸಿಗೇ ಕುತ್ತು. ಅದಕ್ಕಿಂತ ಮುಖ್ಯ ವಿಷಯ ಇನ್ನೊಂದಿತ್ತು. ಇಷ್ಟೆಲ್ಲ ಬದಲಾಯಿಸಿದರೂ ಕಾರು ಯಾಕೆ ನಿಲ್ಲುತ್ತಿದೆ ಅಂತ ಯಾರೂ ಒಂದೇ ಒಂದು ಪರೀಕ್ಷೆ ಮಾಡಿ ನೋಡಿರಲಿಲ್ಲ.

ಉಡುಪಿ ಹತ್ತಿರ ಒಬ್ಬರು ಮೆಕ್ಯಾನಿಕ್ ಇದ್ದಾರೆ, ವಯಸ್ಸು ಎಪ್ಪತ್ತು ದಾಟಿದೆ. ನಮ್ಮ ಕರಾವಳಿಯ ಎಷ್ಟೋ ಜನರ ಹಾಗೆ ಅವರೂ ಹುಡುಗರಾಗಿದ್ದಾಗ ಬೊಂಬಾಯಿಗೆ ಹೋದವರು. ಕಪ್ಪು ಹಳದಿ ಟ್ಯಾಕ್ಸಿಗಳ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಫಿಯೆಟ್ ಬಿಟ್ಟು ಬೇರೆ ಮುಟ್ಟಲಿಲ್ಲ. 2023ರ ಅಕ್ಟೋಬರ್ 30ರಿಂದ ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ ಓಡುವುದು ನಿಂತಿತಲ್ಲ, ಆ ಸುದ್ದಿಯ ಪೇಪರ್ ತುಂಡನ್ನು ಗೋಡೆಗೆ ಅಂಟಿಸಿದ್ದಾರೆ. ಈಗ ಅಂಗಡಿ ಮಗನದು. ಇವರು ಜಗಲಿಯಲ್ಲಿ ಕೂತು ಕೇಳಿದವರಿಗೆ ಹೇಳುತ್ತಾರೆ.

ನಾವು ಕಾರು ತೆಗೆದುಕೊಂಡು ಹೋದೆವು. ಅವರು ಬಾನೆಟ್ ಎತ್ತಿ ಅಂತಲೂ ಹೇಳಲಿಲ್ಲ. ಮೊದಲು ಕೇಳಿದ್ದು ಇದು:

"ನಿಲ್ಲುವಾಗ ಹೇಗೆ ನಿಲ್ತದೆ ಮಾರಾಯ್ರೆ? ಸ್ವಿಚ್ ಆಫ್ ಮಾಡಿದ ಹಾಗಾ, ದಮ್ಮು ಕಟ್ಟಿದ ಹಾಗಾ?"

"ದಮ್ಮು ಕಟ್ಟಿದ ಹಾಗೆ ಅಣ್ಣ. ಎರಡು ಮೂರು ಸಲ ಎಳೆದಾಡಿ ನಿಲ್ಲುತ್ತೆ."

"ಹಾಗಾದ್ರೆ ಕರೆಂಟ್ ವಿಷಯ ಅಲ್ಲ. ಕರೆಂಟ್ ಹೋದ್ರೆ ಒಂದೇ ಸಲಕ್ಕೆ ಹೋಗ್ತದೆ. ಇದು ಪೆಟ್ರೋಲ್ ಸಿಗದೆ ಸಾಯುವುದು. ಇನ್ನೊಮ್ಮೆ ನಿಂತಾಗ ಬಟ್ಟೆ ಗಿಟ್ಟೆ ಹಾಕ್ಬೇಡಿ. ಏರ್ ಫಿಲ್ಟರ್ ತೆಗ್ದು ಕಾರ್ಬೊರೇಟರ್ ಬಾಯಿಯೊಳಗೆ ನೋಡಿ, ಕೈಯಲ್ಲಿ ಆಕ್ಸಿಲರೇಟರ್ ಎಳೀರಿ. ಪೆಟ್ರೋಲ್ ಚಿಮ್ತದಾ ನೋಡಿ. ಮತ್ತೆ ಟ್ಯಾಂಕಿನ ಮುಚ್ಚಳ ತೆಗೀರಿ, ಬುಸ್ ಅಂತದಾ ಕೇಳಿ. ಅಷ್ಟು ನೋಡ್ಕೊಂಡು ಬನ್ನಿ, ಮತ್ತೆ ನೋಡುವ."

ಎಲೆಕ್ಟ್ರಾನಿಕ್ ಕಿಟ್ ಸುಮ್ನೆ ಹಾಕಿದ್ದು ಅಂತ ಗೆಳೆಯನಿಗೆ ಅಲ್ಲೇ ಗೊತ್ತಾಯಿತು. ಆ ಒಂದು ಪ್ರಶ್ನೆ ಯಾರಾದರೂ ಮೊದಲೇ ಕೇಳಿದ್ದರೆ ಕಿಟ್‌ನ ದುಡ್ಡು ಉಳಿಯುತ್ತಿತ್ತು.

ಮುಂದಿನ ಭಾನುವಾರ ಮತ್ತೆ ಘಾಟಿ. ಒಂಬತ್ತನೇ ತಿರುವಿನಲ್ಲಿ ನಿಂತಿತು. ಆಕ್ಸಿಲರೇಟರ್ ಎಳೆದರೆ ಕಾರ್ಬೊರೇಟರ್ ಒಳಗೆ ಹನಿಯೂ ಇಲ್ಲ. ಅಂದರೆ ಅದರಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ಪೂರ್ತಿ ಖಾಲಿ. ಟ್ಯಾಂಕ್ ಮುಚ್ಚಳ ತೆಗೆದರೆ ಬುಸ್ ಅನ್ನಲಿಲ್ಲ. ಟ್ಯಾಂಕ್‌ಗೆ ಗಾಳಿ ಹೋಗುವ ತೂತು ಕಟ್ಟಿದ್ದರೆ ಇದೇ ರೀತಿ ನಿಲ್ಲುತ್ತದೆ, ಆಗ ಮುಚ್ಚಳ ತೆಗೆದ ಕೂಡಲೇ ಗಾಳಿ ಒಳಗೆ ನುಗ್ಗುವ ಸದ್ದು ಬರುತ್ತದೆ. ಆ ಅನುಮಾನವೂ ಹೋಯಿತು. ಬಟ್ಟೆ ಹಾಕದೆ ಕೈಕಟ್ಟಿ ನಿಂತೆವು. ಹತ್ತು ನಿಮಿಷಕ್ಕೆ ಸರಿಯಾಗಿ ಸ್ಟಾರ್ಟ್ ಆಯಿತು. ಇಷ್ಟು ದಿನ ಬಟ್ಟೆಗೆ ಕೊಟ್ಟ ಹೆಸರು ಬರೀ ಕಾಯುವುದಕ್ಕೆ ಸಲ್ಲಬೇಕಿತ್ತು.

ಆದರೂ ಏರ್ ಲಾಕ್ ಅಲ್ಲ ಅಂತ ಇದರಿಂದ ಹೇಳಲು ಆಗುವುದಿಲ್ಲ. ಪೈಪಿನೊಳಗೆ ಪೆಟ್ರೋಲ್ ಕುದ್ದು ಆವಿಯಾಗಿದ್ದರೂ ಹತ್ತು ನಿಮಿಷದಲ್ಲಿ ತಣ್ಣಗಾಗಿ ಓಡುತ್ತದೆ ಅಲ್ವಾ? ಅದಕ್ಕೆ ಮೆಕ್ಯಾನಿಕ್ ಹೇಳಿದ ಉಪಾಯ ನನಗೆ ಬಹಳ ಇಷ್ಟವಾಯಿತು. ಕಾರಿನ ಟ್ಯಾಂಕನ್ನೇ ಲೆಕ್ಕದಿಂದ ಬಿಟ್ಟುಬಿಡಿ, ಪಂಪ್‌ಗೆ ಬೇರೆ ಕಡೆಯಿಂದ ಪೆಟ್ರೋಲ್ ಕೊಡಿ ಅಂದರು. ಮಲ್ಪೆಯಲ್ಲಿ ದೋಣಿಯ ಔಟ್‌ಬೋರ್ಡ್ ಇಂಜಿನ್‌ಗೆ ಇಡುವ ಪುಟ್ಟ ಟ್ಯಾಂಕ್ ಇರುತ್ತದೆ, ಪೈಪಿನ ಮಧ್ಯೆ ಕೈಯಲ್ಲಿ ಒತ್ತುವ ರಬ್ಬರ್ ಬುರುಡೆ ಇರುವುದು. ಪರಿಚಯದವರಿಂದ ಒಂದು ತಂದೆವು. ಮುಂದಿನ ಸೀಟಿನ ಕಾಲಡಿ ಕಟ್ಟಿ, ಅದರ ಪೈಪನ್ನು ಕಿಟಕಿಯಿಂದ ಹೊರಗೆ ತಂದು ಪಂಪ್‌ಗೆ ಸೇರಿಸಿದೆವು. ಗಾಜೆಲ್ಲ ಇಳಿಸಿ, ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಕೂತಿದ್ದೆ. ದಯವಿಟ್ಟು ಇದನ್ನು ನೀವಾಗಿಯೇ ಮಾಡಲು ಹೋಗಬೇಡಿ. ಪೆಟ್ರೋಲ್ ಆವಿ ಕಾರಿನೊಳಗೆ ತುಂಬಿದರೆ ಒಂದು ಕಿಡಿ ಸಾಕು. ತಿಳಿದವರು ಪಕ್ಕದಲ್ಲಿದ್ದರೆ ಮಾತ್ರ.

ಅದೇ ಪಂಪ್, ಅದೇ ಕಾರ್ಬೊರೇಟರ್, ಅದೇ ಬಿಸಿ, ಅದೇ ಘಾಟಿ. ಕಾರು ಹದಿನಾಲ್ಕು ತಿರುವನ್ನೂ ಒಂದೇ ಉಸಿರಿಗೆ ಹತ್ತಿತು. ಆಗುಂಬೆಯಲ್ಲಿ ನಿಲ್ಲಿಸಿ ಇಳಿದಾಗ ಗೆಳೆಯನ ಕಣ್ಣಲ್ಲಿ ನೀರಿತ್ತು. ನಾವು ಇಳಿದು ಬಂದು ಇನ್ನೊಮ್ಮೆ ಹತ್ತಿದೆವು. ಆಗಲೂ ನಿಲ್ಲಲಿಲ್ಲ. ಏರ್ ಲಾಕ್ ಅಲ್ಲ ಅಂತ ಈಗ ಗೊತ್ತಾಯಿತು. ದೋಷ ಪಂಪ್‌ನಿಂದ ಹಿಂದೆ, ಟ್ಯಾಂಕ್‌ವರೆಗಿನ ದಾರಿಯಲ್ಲಿ ಎಲ್ಲೋ ಇದೆ.

ಆ ದಾರಿಯಲ್ಲಿ ಇರುವುದು ಮೂರೇ ವಸ್ತು. ಟ್ಯಾಂಕ್, ಗಾಡಿ ಅಡಿಯಲ್ಲಿ ಹೋಗುವ ಕಬ್ಬಿಣದ ಪೈಪ್, ಅವೆರಡನ್ನು ಸೇರಿಸುವ ರಬ್ಬರ್ ಪೈಪ್. ಕಬ್ಬಿಣದ ಪೈಪಿಗೆ ಗಾಳಿ ಹೊಡೆದರೆ ಸಲೀಸಾಗಿ ಹೋಯಿತು. ಟ್ಯಾಂಕ್‌ನಿಂದ ಪೆಟ್ರೋಲ್ ಧಾರೆಯಾಗಿ ಇಳಿಯಿತು, ಸ್ವಲ್ಪ ತುಕ್ಕಿನ ಪುಡಿ ಬಂದರೂ ಕಟ್ಟಿರಲಿಲ್ಲ. ಉಳಿದಿದ್ದು ಗೇಣುದ್ದದ ರಬ್ಬರ್ ಪೈಪ್.

ಹೊರಗಿಂದ ನೋಡಿದರೆ ಹೊಸದರ ಹಾಗೆ ಕಪ್ಪಗೆ ಮಿರಮಿರ. ಬಿರುಕಿಲ್ಲ, ಸೋರಿಕೆ ಇಲ್ಲ. ಯಾರು ನೋಡಿದರೂ ಚೆನ್ನಾಗಿದೆ ಅಂತ ಬಿಟ್ಟುಬಿಡುವಂಥದ್ದು, ಅದಕ್ಕೇ ಎಲ್ಲರೂ ಬಿಟ್ಟಿದ್ದರು. ಕೈಗೆ ತೆಗೆದುಕೊಂಡು ಒತ್ತಿದೆ. ಕಳಿತ ಬಾಳೆಹಣ್ಣಿನ ಹಾಗೆ ಮೆತ್ತಗಿತ್ತು. ದನದ ಡಾಕ್ಟರ್ ಬಳಸುವ ದೊಡ್ಡ ಸಿರಿಂಜನ್ನು ಮೆಕ್ಯಾನಿಕ್ ಒಂದು ತುದಿಗೆ ಚುಚ್ಚಿ, ಇನ್ನೊಂದು ತುದಿಯನ್ನು ಪೆಟ್ರೋಲ್ ಡಬ್ಬಿಯಲ್ಲಿ ಮುಳುಗಿಸಿ ಮೆಲ್ಲಗೆ ಎಳೆದರು. ಸ್ವಲ್ಪ ಪೆಟ್ರೋಲ್ ಬಂತು. ಜೋರಾಗಿ ಎಳೆದಾಗ ಪೈಪ್ ಬಾಗಿದ ಜಾಗದಲ್ಲಿ ನಮ್ಮ ಕಣ್ಣೆದುರೇ ಚಪ್ಪಟೆಯಾಯಿತು. ಪೆಟ್ರೋಲ್ ನಿಂತಿತು. ಸಿರಿಂಜ್ ಬಿಟ್ಟ ಮೇಲೆ ಅದು ನಿಧಾನವಾಗಿ, ಬಹಳ ನಿಧಾನವಾಗಿ ದುಂಡಗಾಯಿತು.

ಆ ಹತ್ತು ನಿಮಿಷ ಯಾಕೆ ಬೇಕಾಗುತ್ತಿತ್ತು ಅಂತ ಆಗ ತಿಳಿಯಿತು.

ಬ್ಲೇಡಿನಿಂದ ಉದ್ದಕ್ಕೆ ಸೀಳಿದೆವು. ಒಳಪದರ ಹೊರಪದರದಿಂದ ಬಿಟ್ಟುಕೊಂಡು, ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಊರೊಳಗೆ ಇಂಜಿನ್‌ಗೆ ಬೇಕಾದ ಪೆಟ್ರೋಲ್ ಕಡಿಮೆ, ಪಂಪ್ ಮೆಲ್ಲಗೆ ಎಳೆಯುತ್ತದೆ, ಪೈಪ್ ತಡೆದುಕೊಳ್ಳುತ್ತದೆ. ಘಾಟಿಯಲ್ಲಿ ಎರಡನೇ ಗೇರ್, ಕಾಲು ಪೂರ್ತಿ ಒಳಗೆ, ಪೆಟ್ರೋಲ್ ಜಾಸ್ತಿ ಬೇಕು. ಪಂಪ್ ಜೋರಾಗಿ ಎಳೆದಷ್ಟೂ ಪೈಪ್ ಮುಚ್ಚಿಕೊಳ್ಳುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಕಿದ ಮೇಲೆ ಯಾಕೆ ಇನ್ನೂ ಬೇಗ ನಿಲ್ಲತೊಡಗಿತು ಅನ್ನುವುದಕ್ಕೂ ಇದೇ ಉತ್ತರ. ಅದು ಹಳೆಯದಕ್ಕಿಂತ ಜೋರಾಗಿ ಎಳೆಯುವ ಪಂಪ್. ಇಂಥ ಪಂಪ್‌ಗಳು ಎಳೆಯುವುದಕ್ಕಿಂತ ತಳ್ಳುವುದರಲ್ಲಿ ಗಟ್ಟಿ. ಹಾಕುವುದಾದರೆ ಟ್ಯಾಂಕ್ ಹತ್ತಿರ ಹಾಕಬೇಕು. ಇವನದನ್ನು ಇಂಜಿನ್ ಪಕ್ಕ ಕೂರಿಸಿದ್ದರು.

ಈ ಪೈಪ್ ಯಾವಾಗ ಹಾಕಿದ್ದು? ಗೆಳೆಯನಿಗೆ ನೆನಪೇ ಇರಲಿಲ್ಲ. ನೋಟ್‌ಬುಕ್‌ನಲ್ಲಿ 2019ರಲ್ಲಿ ಅಪ್ಪ ಪೈಪ್ ಬದಲಾಯಿಸಿದ್ದು ಇದೆ, ಅದು ಬಟ್ಟೆ ಹೆಣೆದ ಪೈಪ್ ಅಂತಲೂ ಬರೆದಿದ್ದಾರೆ. ಕಾರಿನಲ್ಲಿ ಇದ್ದದ್ದು ಹೆಣಿಗೆ ಇಲ್ಲದ್ದು. ಕೊನೆಗೆ ಅವನ ಫೋನ್‌ನಲ್ಲಿ ದುಡ್ಡು ಕಳಿಸಿದ ಲೆಕ್ಕ ಹುಡುಕಿದಾಗ ಸಿಕ್ಕಿತು. 2023ರ ಜೂನ್, ಒಂದು ಬಿಡಿಭಾಗದ ಅಂಗಡಿ, 180 ರೂಪಾಯಿ. ಮಳೆಗಾಲಕ್ಕೆ ಮೊದಲು ಪೆಟ್ರೋಲ್ ವಾಸನೆ ಬರುತ್ತಿದೆ ಅಂತ ಬದಲಾಯಿಸಿದ್ದ. ನಾಲ್ಕು ತಿಂಗಳಿಗೆ ತೊಂದರೆ ಶುರು. ಒಂದು ಸಾಲು ಬರೆದಿಟ್ಟಿದ್ದರೆ ಮೊದಲ ದಿನವೇ ಅನುಮಾನ ಅಲ್ಲಿಗೆ ಹೋಗುತ್ತಿತ್ತು.

ಈಗಿನ ಪೆಟ್ರೋಲ್ ಬಗ್ಗೆಯೂ ಹೇಳಬೇಕು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. ನೂರರಲ್ಲಿ 20 ಭಾಗ ಎಥೆನಾಲ್. ಅದಕ್ಕೂ ಮುಂಚೆ 10 ಭಾಗ ಇತ್ತು. ನಿಮ್ಮ ಪೆಟ್ರೋಲ್‌ನಲ್ಲಿ ಎಷ್ಟಿದೆ ಅಂತ ನೋಡುವುದು ಸುಲಭ. ಅಳತೆಯ ಗಾಜಿನ ಕೊಳವೆಯಲ್ಲಿ 100 ಮಿಲಿ ಪೆಟ್ರೋಲ್‌ಗೆ 10 ಮಿಲಿ ನೀರು ಹಾಕಿ, ಅಲ್ಲಾಡಿಸಿ ಬಿಡಿ. ಎಥೆನಾಲ್ ನೀರಿನ ಜೊತೆ ಸೇರಿ ಕೆಳಗೆ ಇಳಿಯುತ್ತದೆ. ನಾವು ನೋಡಿದಾಗ ಕೆಳಗಿನ ಪದರ 30 ಮಿಲಿ ಹತ್ತಿರ ಬಂತು. ನೀರು 10, ಉಳಿದದ್ದು ಎಥೆನಾಲ್.

ಸೀಳಿದ ಪೈಪಿನ ಚೆನ್ನಾಗಿದ್ದ ತುದಿಯಿಂದ ಒಂದು ತುಂಡು, ಸರಿಯಾದ ಹೊಸ ಪೈಪಿನ ಒಂದು ತುಂಡು, ಎರಡನ್ನೂ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಅದೇ ಪೆಟ್ರೋಲ್ ಹಾಕಿ ಹಿತ್ತಲ ಶೆಡ್‌ನಲ್ಲಿ ಮೂರು ವಾರ ಇಟ್ಟೆವು. ಮೊದಲನೆಯದು ಊದಿತು, ಪೆಟ್ರೋಲನ್ನೂ ಕಪ್ಪು ಮಾಡಿತು. ಎರಡನೆಯದು ಹಾಗೇ ಇತ್ತು. ಎಥೆನಾಲ್ ಒಂದನ್ನೇ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಆ ಪೈಪ್ ಮೊದಲಿಗೇ ಪೆಟ್ರೋಲ್‌ಗೆ ಮಾಡಿದ್ದಲ್ಲ. ಮೈಮೇಲೆ ಒಂದಕ್ಷರ ಅಚ್ಚಿರಲಿಲ್ಲ. ಹೊಸದರ ಮೇಲೆ ಎಸ್‌ಎಇ ಜೆ30 ಆರ್9 ಅಂತ ಪೆಟ್ರೋಲ್ ಪೈಪಿನ ದರ್ಜೆ ಇದೆ, ಒಳಪದರ ಎಥೆನಾಲ್ ತಡೆಯುವ ಫ್ಲೋರೋ ರಬ್ಬರಿನದು. ಮೀಟರ್‌ಗೆ 450 ರೂಪಾಯಿ ಕೊಟ್ಟೆವು. ಪೈಪಿನ ಮೈ ಮೇಲೆ ಬರಹ ಇಲ್ಲದಿದ್ದರೆ ಅಂಗಡಿಯವರು ಏನೇ ಹೇಳಿದರೂ ತರಬೇಡಿ.

ಗಾಡಿಯಲ್ಲಿ ರಬ್ಬರ್ ಪೈಪ್ ಇರುವ ಮೂರು ಕಡೆಯೂ ಬದಲಾಯಿಸಿದೆವು. ಎಲೆಕ್ಟ್ರಿಕ್ ಪಂಪ್ ತೆಗೆದೆವು. ಅದರ ಡಬ್ಬದ ಮೇಲೆ ಒತ್ತಡ 4ರಿಂದ 7 ಪಿಎಸ್‌ಐ ಎಂದಿತ್ತು. ಇಂಥ ಕಾರ್ಬೊರೇಟರ್‌ನ ಒಳಬರುವ ಪೆಟ್ರೋಲ್ ನಿಲ್ಲಿಸುವ ನೀಡಲ್ ತಡೆಯುವುದು ಸುಮಾರು 3. ಉಳಿದ ಒತ್ತಡಕ್ಕೆ ಪೆಟ್ರೋಲ್ ಉಕ್ಕಿ ವಾಸನೆ ಬರುತ್ತಿತ್ತು. ಇನ್ನೊಂದು ಅಪಾಯವೂ ಇತ್ತು. ಎಸಿ ಪಂಪ್ ಇಂಜಿನ್ ನಿಂತರೆ ತಾನೂ ನಿಲ್ಲುತ್ತದೆ. ಇದಕ್ಕೆ ಚಾವಿಯಿಂದ ನೇರ ವೈರ್ ಕೊಟ್ಟಿದ್ದರು. ಕಾರು ಎಲ್ಲಾದರೂ ಗುದ್ದಿ ಪೈಪ್ ಹರಿದರೆ ಅದು ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ. ಹಳೇ ಎಸಿ ಪಂಪ್‌ಗೆ ಹೊಸ ಡಯಾಫ್ರಂ ಹಾಕಿ ಕೂರಿಸಿದೆವು. ಬೆಲ್ಟ್ ಫ್ಯಾನ್ ವಾಪಸ್ ಬಂತು, ಬಿಸಿ ತೋರಿಸುವ ಮೀಟರ್ ಮುಳ್ಳು ಎಂದೂ ಕೆಂಪಿಗೆ ಹೋಗಿರದ ಇಂಜಿನ್ ಅದು. ಎಲೆಕ್ಟ್ರಾನಿಕ್ ಇಗ್ನಿಷನ್ ಮಾತ್ರ ಇಟ್ಟುಕೊಂಡೆವು. ಪಾಯಿಂಟ್ ಉಜ್ಜುವ ಕೆಲಸ ಇಲ್ಲ, ಚಳಿಯಲ್ಲಿ ಬೇಗ ಸ್ಟಾರ್ಟ್ ಆಗುತ್ತದೆ. ಆದರೆ ಹಳೇ ಪಾಯಿಂಟ್, ಕಂಡೆನ್ಸರ್, ಫೀಲರ್ ಗೇಜ್ ಡಿಕ್ಕಿಯಲ್ಲಿ ಡಬ್ಬಿಯೊಳಗಿವೆ. ಕಿಟ್ ಕೈಕೊಟ್ಟರೆ ರಸ್ತೆ ಬದಿಯಲ್ಲಿ ಅರ್ಧ ಗಂಟೆಯಲ್ಲಿ ಹಳೆಯದಕ್ಕೆ ಮರಳಬಹುದು.

ಟ್ಯಾಂಕ್ ತೊಳೆದದ್ದು ಬೇರೆಯೇ ಒಂದು ದಿನದ ಕೆಲಸ. ಕರಾವಳಿಯ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ಮೂರು ತಿಂಗಳು ನಿಲ್ಲಿಸಿದರೆ ಮೇಲಿನ ಖಾಲಿ ಜಾಗದಲ್ಲಿ ತೇವ ಕೂರುತ್ತದೆ. ಎಥೆನಾಲ್ ಆ ನೀರನ್ನು ಹೀರುತ್ತದೆ, ಜಾಸ್ತಿಯಾದಾಗ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ತುಕ್ಕು ಅಲ್ಲಿಂದ. ಸಣ್ಣ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿ, ತೊಳೆದು, ಬಿಸಿಲಿಗೆ ಒಣಗಿಸಿದೆವು.

ಇನ್ನು ಪ್ಲಗ್. ತೆಗೆದು ನೋಡಿದರೆ ತುದಿ ಬೂದಿಯ ಹಾಗೆ ಬೆಳ್ಳಗಿತ್ತು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುತ್ತಿಲ್ಲ. ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು. ಇ20ಗೆ ಹೆಚ್ಚುಕಡಿಮೆ 13.5. ಅಂದರೆ ಅದೇ ಗಾಳಿಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಗಬೇಕು. ಹಳೇ ಕಾರ್ಬೊರೇಟರ್‌ಗೆ ಅದು ತಿಳಿಯುವುದಿಲ್ಲ, ಪೆಟ್ರೋಲ್ ಹಾಯುವ ಜೆಟ್‌ನ ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದೆವು. ಎರಡು ನೂರು ಕಿಲೋಮೀಟರ್ ಓಡಿಸಿ ಪ್ಲಗ್ ತೆಗೆದರೆ ತುದಿ ಹಾಲು ಹಾಕಿದ ಕಾಫಿಯ ಬಣ್ಣ. ಅದೇ ಬೇಕಿದ್ದ ಬಣ್ಣ.

ಮೈಲೇಜ್ ಅಪ್ಪನ ಕಾಲದಲ್ಲಿ ಲೀಟರ್‌ಗೆ 13 ಇತ್ತು, ನೋಟ್‌ಬುಕ್ ಸಾಕ್ಷಿ. ಈಗ 12.2. ಹಳೇ ಕಾರುಗಳಲ್ಲಿ ಇ20ಗೆ ನೂರಕ್ಕೆ 6–7ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅಷ್ಟಕ್ಕೆ ಗೆಳೆಯ ತಲೆ ಕೆಡಿಸಿಕೊಂಡಿಲ್ಲ.

2025ರ ಜನವರಿ ಕೊನೆಯ ಭಾನುವಾರ ಮೆಕ್ಯಾನಿಕ್ ಅಣ್ಣನನ್ನೂ ಕೂರಿಸಿಕೊಂಡು ತೀರ್ಥಹಳ್ಳಿಗೆ ಹೋದೆವು. ಘಾಟಿಯಲ್ಲಿ ಅವರು ಕಿಟಕಿಯಿಂದ ಕಿವಿ ಹೊರಗಿಟ್ಟು ಇಂಜಿನ್ ಸದ್ದು ಕೇಳುತ್ತಿದ್ದರು. "ಈಗ ಉಂಟು ನೋಡಿ ಫಿಯೆಟ್ಟಿನ ಸ್ವರ," ಅಂದರು.

ರಾತ್ರಿ ಮನೆಗೆ ಬಂದ ಮೇಲೆ ಗೆಳೆಯ ನೋಟ್‌ಬುಕ್ ತೆಗೆದ. ಅಪ್ಪನ ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಬಿಟ್ಟು ಬರೆದ: "ಪೆಟ್ರೋಲ್ ಪೈಪ್ ಮೂರೂ ಹೊಸದು, ಆರ್9. ಮೇನ್ ಜೆಟ್ ಒಂದು ಸೈಜ್ ದೊಡ್ಡದು. ಎಸಿ ಪಂಪ್ ಡಯಾಫ್ರಂ ಹೊಸದು. ಮುಂದಿನ ಪೈಪ್ ಬದಲಾವಣೆ 2028 ಜನವರಿ."